ನಲವತ್ತೊಂದನೆಯ ಸಾಲಿನ ಖಾಲಿ ಮನೆ

ಚಿತ್ರ ಇಮೇಲಿನಲ್ಲಿ ಬಂತು, ಸಂಕ್ರಾಂತಿ ಕಳೆದ ವಾರ. ಅರವತ್ತು ಚೌಕ ಅಗಲ, ಅರವತ್ತು ಚೌಕ ಎತ್ತರದ ಹಳೆಯ ಗ್ರಾಫ್ ಹಾಳೆ. ಅದರ ಮೇಲೆ ಕಪ್ಪು ಶಾಯಿಯ ಪಟ್ಟಿಗಳು ಎಡಗಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಡುವೆ ಒತ್ತಾಗಿ, ಬಲಗಡೆ ಬಿಡಿಬಿಡಿಯಾಗಿ ಮತ್ತೆ ಏರುತ್ತಿದ್ದವು. ಹೂವಿಲ್ಲ, ಬಳ್ಳಿಯಿಲ್ಲ, ಕೆಳಗೆ ಹೆಸರೂ ಇಲ್ಲ. ಹಾಳೆಯ ಹಿಂಬದಿಯ ಫೋಟೋದಲ್ಲಿ ಯಾವುದೋ ಗಿರಣಿಯ ಮಾಸಿದ ಮೊಹರು ಕಾಣುತ್ತಿತ್ತು.

ಕಳಿಸಿದವರು ಕಲಾವಿದರ ಮಗಳು. ರಷ್ಯಾದ ಒಂದು ಹಳೆಯ ಗಿರಣಿ ಊರಿನಲ್ಲಿ ತಂದೆಯ ಜೊತೆ ಇದ್ದಾರೆ. ನಾನು ಎಂ.ಎ. ಪ್ರಬಂಧಕ್ಕಾಗಿ ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ವಿನ್ಯಾಸ ಬರೆಯುತ್ತಿದ್ದ ನಕ್ಷೆಗಾರರ ಬಗ್ಗೆ ಹುಡುಕುವಾಗ ಅವರ ಪರಿಚಯವಾಗಿತ್ತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದ್ದರಿಂದ ನಮ್ಮ ಪತ್ರಗಳು ಚಿಕ್ಕವಾಗಿರುತ್ತಿದ್ದವು, ನೇರವಾಗಿರುತ್ತಿದ್ದವು. ಈ ಸಲವೂ ಹಾಗೆಯೇ ಬರೆದಿದ್ದರು. ಅಪ್ಪನ ಕಣ್ಣು ಪೂರ್ತಿ ಹೋಗಿದೆ. ಮೆದುಳಿಗೆ ಎರಡು ಸಲ ಸಣ್ಣ ಆಘಾತವಾಗಿದೆ. ಇನ್ನೊಂದಾದರೆ ನೆನಪು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ತನ್ನ ಚಿತ್ರಗಳಲ್ಲಿ ಒಂದನ್ನಾದರೂ ಮತ್ತೆ ನೋಡಬೇಕು ಅನ್ನುತ್ತಾರೆ. ನೀವು ಒಮ್ಮೆ ಉಬ್ಬಿದ ಕಪ್ಪು ನೂಲಿನ ನೇಯ್ಗೆಯ ಫೋಟೋ ಕಳಿಸಿದ್ದಿರಿ. ಈ ಚಿತ್ರವನ್ನು ಬೆರಳಿನಿಂದ ನೋಡುವಂತೆ ನೇಯಿಸಲು ಆಗುತ್ತದೆಯೇ?

ಆಗುತ್ತದೆ ಎಂದು ಅದೇ ದಿನ ಉತ್ತರಿಸಿದೆ. ಪ್ರಬಂಧದಲ್ಲಿ ನಾನು ಆ ಕಲಾವಿದರಿಗೆ ಕೊಟ್ಟಿದ್ದು ಒಂದೂವರೆ ಪುಟ. ಅಲ್ಲಿ ಇನ್ನು ಹೆಚ್ಚು ಬರೆಯಲು ಏನೂ ಸಿಕ್ಕಿರಲಿಲ್ಲ. ಗಿರಣಿಯಲ್ಲಿ ಅವರು ತಲೆವಸ್ತ್ರಗಳಿಗೆ ಗುಲಾಬಿ, ಮಕ್ಕಳ ಅಂಗಿಗೆ ಬಾತುಕೋಳಿ ಬರೆಯುತ್ತಿದ್ದರು. ಮನೆಗೆ ಬಂದ ಮೇಲೆ ಅಡುಗೆಮನೆಯ ಮೇಜಿನ ಮೇಲೆ, ಗಿರಣಿಯಲ್ಲಿ ಉಳಿದ ಗ್ರಾಫ್ ಹಾಳೆಗಳಲ್ಲಿ, ಈ ಕಪ್ಪು ಪಟ್ಟಿಗಳನ್ನು. ಏನನ್ನೂ ತೋರಿಸದ ಚಿತ್ರ ಕಮ್ಯುನಿಸ್ಟ್ ಆಡಳಿತದ ಆ ದಿನಗಳಲ್ಲಿ ಅಲ್ಲಿ ಅನುಮಾನದ ವಸ್ತು. ಒಮ್ಮೆ ಮಾತ್ರ ಗೆಳೆಯನ ಮನೆಯ ಕೋಣೆಯಲ್ಲಿ ಏಳು ಚಿತ್ರಗಳನ್ನು ಎರಡು ದಿನ ತೂಗುಹಾಕಿದರು. ನೋಡಲು ಬಂದವರು ನೆರೆಯವರಿಗೆ ಸದ್ದಾಗದಂತೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರಂತೆ. ಮುಂದಿನ ವಾರ ಗಿರಣಿಯ ಕಚೇರಿಗೆ ಕರೆಸಿ, ಇದು ಯಾವ ಜಾಗದ ನಕಾಶೆ ಎಂದು ಕೇಳಿದರು. ಯಾವುದರದ್ದೂ ಅಲ್ಲ ಎಂದದ್ದಕ್ಕೆ ನಕ್ಷೆ ವಿಭಾಗದಿಂದ ತೆಗೆದು ತಪಾಸಣೆಯ ಮೇಜಿಗೆ ಹಾಕಿದರು. ನಿವೃತ್ತಿಯವರೆಗೆ ಅವರ ಕೆಲಸ ಬೇರೆಯವರ ಬಟ್ಟೆಯಲ್ಲಿ ತಪ್ಪು ಹುಡುಕುವುದು. ಚಿತ್ರಗಳು ಕಪಾಟಿನ ಹಿಂದಿನ ಹಲಗೆಯ ಸಂದಿಯಲ್ಲಿದ್ದವು. ಕಾಲ ಬದಲಾದ ಮೇಲೆ ಒಂದು ವಸ್ತುಸಂಗ್ರಹಾಲಯ ಎರಡನ್ನು ಒಯ್ದು ತನ್ನ ಉಗ್ರಾಣದಲ್ಲಿ ಇಟ್ಟುಕೊಂಡಿತು.

ನಾನಿರುವುದು ಜಮಖಂಡಿಯಲ್ಲಿ. ಬಸ್ಸು ಹಿಡಿದು ಬನಹಟ್ಟಿಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆ ದಿನ ಒಂದೂವರೆ ತಾಸು ಹಿಡಿಯಿತು. ನಾನು ಗಿರಾಕಿಗಳ ನೇಯ್ಗೆ ಕೆಲಸ ಕೊಡುವ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕಾಕಾ ಗ್ರಾಫ್ ಬರೆದು, ಮಗ್ಗದ ಮೇಲೆ ನಕ್ಷೆ ಎತ್ತುವ ಜಕಾರ್ಡ್ ಯಂತ್ರಕ್ಕೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ, ಕಾಕು ಕೈಮಗ್ಗದಲ್ಲಿ ನೇಯುತ್ತಾರೆ. ಸಂಬಂಧಿಕರಲ್ಲ, ಸಣ್ಣವಳಿದ್ದಾಗಿನಿಂದ ಹಾಗೆ ಕರೆದು ರೂಢಿ. ಸುತ್ತ ಎಲ್ಲ ಮನೆಗಳಲ್ಲೂ ಪವರ್‌ಲೂಮು ಬಡಿಯುತ್ತವೆ. ಆದ್ದರಿಂದ ಇವರ ಮನೆಯಲ್ಲಿ ಮಾತು ಯಾವಾಗಲೂ ಸ್ವಲ್ಪ ಜೋರು.

ಕಾಕಾ ಕನ್ನಡಕ ಏರಿಸಿ ಮುದ್ರಿಸಿದ ಹಾಳೆಯನ್ನು ನೋಡಿದರು. "ಇದೇನ ತಂಗಿ, ದಡಿ ಇಲ್ಲ, ಸೆರಗಿಲ್ಲ. ಯಾರ ಉಡ್ತಾರ ಇದನ್ನ?"

"ಉಡೂದಲ್ರಿ ಕಾಕಾ. ಮುಟ್ಟಿ ನೋಡೂದು."

ಕಾಕು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. "ಛಲೋ ಆತು ಬಿಡ. ಬಣ್ಣ ಹೋತು ಅಂತ ಯಾರೂ ತಿರುಗಿ ತರೂದಿಲ್ಲ."

ಕಣ್ಣಿನ ವಿಷಯ, ಆಘಾತದ ವಿಷಯ ಹೇಳಿದೆ. ದಿನಗಳು ಎಷ್ಟಿವೆಯೋ ಗೊತ್ತಿಲ್ಲ ಎಂದೂ ಹೇಳಿದೆ. ಕಾಕು ರಾಟಿ ನಿಲ್ಲಿಸಿದರು. ಕಾಕಾ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿ, "ಹಂಗಾರ ನೂಲ ದಪ್ಪ ಬೇಕು. ಬಳ್ಳಿಗೆ ಏರು ತಗ್ಗು ಗೊತ್ತಾಗಬೇಕಲ್ಲ" ಎಂದರು. ಬೆರಳಿಗೆ ಅವರು ಬಳ್ಳಿ ಎನ್ನುವುದು.

ಹೀಗೆ ತೀರ್ಮಾನಿಸಿದೆವು. ಉದ್ದಕ್ಕೆ ಹಾಸು ಸಣ್ಣ ಬಿಳಿ ಹತ್ತಿ ನೂಲು. ನೆಲಕ್ಕೆ ಅಡ್ಡಲಾಗಿ ಅದೇ ನೂಲಿನ ಹೊಕ್ಕು. ಚಿತ್ರಕ್ಕೆ ನಾಲ್ಕೆಳೆ ಹೊಸೆದ ಕಪ್ಪು ನೂಲು, ಬೇರೆ ಲಾಳಿಯಲ್ಲಿ. ಕಾಗದದ ಒಂದು ಚೌಕ ಬಟ್ಟೆಯಲ್ಲಿ ಅರ್ಧ ಇಂಚಾಗಬೇಕು. ಚೌಕಕ್ಕೆ ಇಲ್ಲಿ ಮನೆ ಎನ್ನುತ್ತಾರೆ. ಒಂದು ಮನೆಗೆ ಹಾಸಿನ ಎಳೆ ಎತ್ತುವ ಜಕಾರ್ಡಿನ ಆರು ಕೊಕ್ಕೆ, ಹನ್ನೆರಡು ಕಾರ್ಡು. ಅರವತ್ತು ಸಾಲಿಗೆ ಏಳುನೂರ ಇಪ್ಪತ್ತು ಕಾರ್ಡು. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆಗಳು ಏಳುತ್ತವೆ. ಕಪ್ಪು ನೂಲು ಅವುಗಳ ಅಡಿಯಲ್ಲಿ ಹೋಗಿ ಬಟ್ಟೆಯ ಮುಖದಲ್ಲಿ ಉಬ್ಬಿ ನಿಲ್ಲುತ್ತದೆ. ಮುಖ ಕೆಳಗಿರುತ್ತದೆ. ನೇಯುವವರಿಗೆ ಕಾಣುವುದು ಬೆನ್ನು ಮಾತ್ರ. ಕಪ್ಪು ಉದ್ದಕ್ಕೆ ಜೋಲದಂತೆ ನಡುನಡುವೆ ಒಂದೊಂದು ತೂತು ಬಿಟ್ಟು ಕಟ್ಟು ಹಾಕಬೇಕು. ಆ ಕಟ್ಟುಗಳು ಬೆರಳಿಗೆ ಸಿಗಬಾರದು. ಮೊದಲ ಮಾದರಿಯಲ್ಲಿ ಸಿಕ್ಕವು. ನಾನು ಕಣ್ಣು ಮುಚ್ಚಿ ಸವರಿದಾಗ ಕಪ್ಪು ಪಟ್ಟಿಯ ಮೇಲೆ ಸಾಲಾಗಿ ಚುಕ್ಕಿಗಳು. ಕಾಕಾ ಕಟ್ಟುಗಳನ್ನು ಓರೆಯಾಗಿ ಚದುರಿಸಿ ಮತ್ತೆ ಬರೆದರು. ಎರಡನೆಯ ಮಾದರಿಯಲ್ಲಿ ಕಪ್ಪು ನುಣುಪಾಗಿತ್ತು, ಅಂಚು ಚೂಪಾಗಿತ್ತು.

ಐದು ದಿನದಲ್ಲಿ ಪೂರ್ತಿ ಗ್ರಾಫ್ ಸಿದ್ಧವಾಯಿತು. ಕಾರ್ಡು ಹೊಡೆಯುವ ಮುಂಚೆ ನಾನು ಸಾಲು ಸಾಲಾಗಿ ತಾಳೆ ನೋಡಿ ಸಹಿ ಮಾಡುವುದು ನಮ್ಮ ಕ್ರಮ. ಅಳತೆಪಟ್ಟಿ ಇಟ್ಟು ಕೆಳಗಿನಿಂದ ಮೇಲೆ ಬಂದೆ. ನಲವತ್ತೊಂದನೆಯ ಸಾಲಿನಲ್ಲಿ ನಿಂತೆ. ಮೂಲದಲ್ಲಿ ಅಲ್ಲೊಂದು ಉದ್ದ ಕಪ್ಪು ಪಟ್ಟಿಯ ನಡುವೆ ಒಂದು ಮನೆ ಖಾಲಿ. ಕಾಕಾನ ಗ್ರಾಫಿನಲ್ಲಿ ಅದು ತುಂಬಿತ್ತು.

"ಕಾಕಾ, ಇಲ್ಲೊಂದು ಮನಿ ಬಿಳೀದಿತ್ತಲ್ರಿ."

"ಬಿಟ್ಟಾರವಾ ಅವ್ರು. ಶಾಯಿ ತುಂಬೂದ ಮರತಾರ. ಇಡೀ ಹಾಳ್ಯಾಗ ಅದೊಂದ ನೋಡು. ನಾ ಮುಚ್ಚೇನಿ."

"ಕೇಳೂಣೇನ್ರಿ ಒಂದ್ಸಲ?"

"ಏನಂತ ಕೇಳ್ತಿ? ಕಣ್ಣ ಹೋದ ಮನಶಾಗ, ನೀವು ಇಲ್ಲೆ ತಪ್ಪೀರಿ ಅಂತ ಹೇಳ್ತಿ?" ಕಾಕಾ ನಿಜವಾಗಿಯೂ ನೊಂದುಕೊಂಡವರಂತೆ ನನ್ನನ್ನು ನೋಡಿದರು. "ಗಿರಾಕಿ ತಪ್ಪ ಗಿರಾಕಿಗೆ ತೋರಸಬಾರದ ತಂಗಿ. ಮುಚ್ಚಿ ಕೊಡಬೇಕು, ಬಾಯಿ ಬಿಡಬಾರದು. ನಮ್ಮಪ್ಪ ಕಲಿಸಿದ್ದ ಇದ."

ಈ ಪದ್ಧತಿ ನನಗೆ ಹೊಸದಲ್ಲ. ನಮ್ಮ ಮನೆಯಲ್ಲೂ ಮಗ್ಗವಿತ್ತು. ದಡಿಯ ನಕ್ಷೆಯಲ್ಲಿ ಒಂದು ಮನೆ ತಪ್ಪಿದ್ದರೆ ಗ್ರಾಫ್ ಬರೆಯುವವರು ಸುಮ್ಮನೆ ಸರಿಮಾಡುತ್ತಾರೆ. ಅದು ಅವರ ಮರ್ಯಾದೆ. ನಾನು ಮೂಲಚಿತ್ರದ ಹಾಳೆಯನ್ನು ಬೆಳಕಿಗೆ ಹಿಡಿದೆ. ಆ ಖಾಲಿ ಮನೆಯ ನಾಲ್ಕೂ ಅಂಚಿನಲ್ಲಿ ಶಾಯಿ ನೇರವಾಗಿ ನಿಂತಿತ್ತು. ಮರೆತ ಕೈ ಹಾಗೆ ನಿಲ್ಲುವುದಿಲ್ಲ. ಅದನ್ನು ನಾನು ನೋಡಿದೆ. ಇಮೇಲಿನಲ್ಲಿ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಕಾಯಿಲೆಯವರ ಮನೆಗೆ ಇಷ್ಟು ಸಣ್ಣದಕ್ಕೆ ಯಾಕೆ ತೊಂದರೆ ಅನ್ನಿಸಿತು. ಯಾರನ್ನಾದರೂ ಏನಾದರೂ ಕೇಳುವುದೆಂದರೆ ನನಗೆ ಮೊದಲಿಂದಲೂ ಹಿಂಜರಿಕೆ. ಸಹಿ ಮಾಡಿದೆ.

ಕಾಕು ದಿನಕ್ಕೆ ಮೂರು, ನಾಲ್ಕು ಇಂಚು ನೇಯ್ದರು. ಬಟ್ಟೆಯ ಮುಖ ನೋಡಲು ಮಗ್ಗದ ಕೆಳಗೆ ಮುಖ ತೊಳೆಯುವ ಕಡೆಯ ಕನ್ನಡಿಯನ್ನು ತಂದು ಇಟ್ಟುಕೊಂಡಿದ್ದರು. "ನನ್ನ ಮಾರಿ ನೋಡಾಕ ಇಲ್ಲದ ಕನ್ನಡಿ ಈಗ ರಷ್ಯಾದಾವ್ರ ಮಾರಿ ನೋಡಾಕತ್ತೈತಿ" ಎಂದು ಕಾಕಾನಿಗೆ ಚುಚ್ಚಿದರು. ಒಂಬತ್ತನೆಯ ದಿನ ಬಟ್ಟೆ ಇಳಿಯಿತು. ಒಂದೂ ಎಳೆ ತಪ್ಪಿರಲಿಲ್ಲ. ಜಮಖಂಡಿಯ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಮಾಡಿ, ರಸೀದಿಯ ಫೋಟೋ ಮಗಳಿಗೆ ಕಳಿಸಿದೆ. ತಲುಪಲು ಇಪ್ಪತ್ತನಾಲ್ಕು ದಿನ ಹಿಡಿಯಿತು.

ಮಗಳ ಪತ್ರ ಅದಾದ ಎರಡು ದಿನಕ್ಕೆ ಬಂತು. ಎಂದಿನಂತೆ ಚಿಕ್ಕದಾಗಿರಲಿಲ್ಲ.

ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಅಪ್ಪನ ಕೈಯನ್ನು ಅದರ ಮೇಲೆ ಇಟ್ಟೆ ಎಂದು ಬರೆದಿದ್ದರು. ಕೆಳಗಿನ ಎಡ ಮೂಲೆಯಿಂದ ಶುರುಮಾಡಿದರು. ಯಾವ ಚಿತ್ರ ಎಂದು ಹೇಳಿರಲಿಲ್ಲ, ಮೂರು ಸಾಲಿನಲ್ಲೇ ಗುರುತಿಸಿದರು. ಮುಖ ಅರಳಿತು. ಗಟ್ಟಿಯಾಗಿ ಎಣಿಸುತ್ತ ಮೇಲೆ ಹೋದರು. ನಲವತ್ತೊಂದಕ್ಕೆ ಬಂದು ನಿಂತರು, ಹಿಂದೆ ಹೋದರು, ಮತ್ತೆ ಬಂದರು. ಯಾರು ಮಾಡಿದ್ದು ಎಂದು ಕೇಳಿದರು. ಭಾರತದ ನೇಕಾರರು ಅಂದೆ. "ಬಹಳ ಸ್ವಚ್ಛವಾದ ಕೆಲಸ. ಆದರೆ ಇದು ಗಿರಣಿಯ ಬಟ್ಟೆ, ನನ್ನದಲ್ಲ" ಅಂದರು. ಆಮೇಲೆ ನನಗೆ ವಿವರಿಸಿದರು. ಗಿರಣಿಯಲ್ಲಿ ಇಡೀ ಆಯುಷ್ಯ ಪ್ರತಿ ಗೆರೆಯನ್ನೂ ಮುಚ್ಚಬೇಕಾಗಿತ್ತಂತೆ, ಮುಚ್ಚದ್ದನ್ನು ಹಿಡಿಯಬೇಕಾಗಿತ್ತಂತೆ. ಅದಕ್ಕೇ ಮನೆಯಲ್ಲಿ ಬರೆದ ಪ್ರತಿಯೊಂದರಲ್ಲೂ ಒಂದು ಚೌಕ ತೆರೆದೇ ಬಿಟ್ಟಿದ್ದಾರೆ. ಯಾರೂ ಕೇಳಲಿಲ್ಲ, ತಾವೂ ಹೇಳಲಿಲ್ಲ. ಅವರ ಮಗಳಾಗಿ ನನಗೂ ಅದು ಅವತ್ತೇ ಗೊತ್ತಾದದ್ದು. ಗಿರಣಿಯಲ್ಲಿ ತಿರಸ್ಕರಿಸಿದ ಮಾದರಿಯನ್ನು ಅಡ್ಡ ಕತ್ತರಿಸುವ ಪದ್ಧತಿ ಇತ್ತು. ಕತ್ತರಿ ತರಲು ಹೇಳಿದರು. ಬೇಡವೆಂದೆ, ಕೇಳಲಿಲ್ಲ. ನಾನೇ ಕತ್ತರಿಸಿದೆ. ಕ್ಷಮಿಸಿ.

ಕ್ಷಮೆ ಕೇಳಬೇಕಾದವಳು ನಾನು. ನಾನು ಅದನ್ನು ನೋಡಿದ್ದೆ, ನೋಡಿ ಸಹಿ ಮಾಡಿದ್ದೆ ಎಂದು ಬರೆದೆ. ಎರಡನೆಯದನ್ನು ನೇಯಿಸುತ್ತೇನೆ, ಅಷ್ಟು ದಿನ ಅವರನ್ನು ಹೇಗಾದರೂ ಕಾಯಿಸಿ ಎಂದೂ ಬರೆದೆ. ಬೇಗ, ಎಂದಷ್ಟೇ ಉತ್ತರ ಬಂತು.

ಬನಹಟ್ಟಿಯಲ್ಲಿ ಹೇಳುವಾಗ ಕತ್ತರಿಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಕಾಕಾ ತಮ್ಮ ಗ್ರಾಫ್ ತೆಗೆದು ನಲವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟರು. ಕಾಕು ಬಿಡಲಿಲ್ಲ.

"ನಿಮ್ಮಪ್ಪ ಕಲಿಸಿದ್ದಂತ! ಕಂಡಾವ್ರ ಮನಿ ಬಾಗಿಲಾ ಮುಚ್ಚೂದ ಕಲಿಸಿದ್ದಾ?"

"ಸುಮ್ಕಿರ ಬೇ. ಹೆಂಗ ತಿಳೀಬೇಕ ನನಗ? ಬೇಕಂತ ಖಾಲಿ ಬಿಡಾವ್ರನ್ನ ಈ ಜನ್ಮದಾಗ ನೋಡಿಲ್ಲ ನಾ."

"ಕಾಕಾಂದೇನೂ ತಪ್ಪಿಲ್ರಿ ಕಾಕು. ಸಹಿ ನಂದು."

"ನಿಂದೂ ಐತಿ, ಅವರ್ದೂ ಐತಿ. ಈಗ ಏನ ಮಾಡೂದು ಅದನ್ನ ಹೇಳ್ರಿ" ಎಂದರು ಕಾಕು.

ಸರಿಮಾಡುವುದು ಎಷ್ಟು ಸಣ್ಣ ಕೆಲಸ ಎಂದು ನೋಡಿದಾಗಲೇ ನನಗೆ ಹೆಚ್ಚು ಸಂಕಟವಾದದ್ದು. ಹನ್ನೆರಡು ಕಾರ್ಡು, ಕಟ್ಟು ಬಿಟ್ಟು ಅರವತ್ತು ಚಿಲ್ಲರೆ ತೂತು. ಕಾಕಾ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಸಣ್ಣ ಚೀಟಿ ಕತ್ತರಿಸಿ, ಗಂಜಿ ಹಚ್ಚಿ, ಒಂದೊಂದೇ ತೂತಿಗೆ ಅಂಟಿಸಿದರು. ಚಹಾ ಆರುವುದರೊಳಗೆ ಮುಗಿಯಿತು.

ಕಷ್ಟವಾದದ್ದು ಉಳಿದ ಸಿದ್ಧತೆ. ಮಗ್ಗದ ಮೇಲೆ ಒಂದು ಮೊಳ ಹಾಸು ಮಾತ್ರ ಉಳಿದಿತ್ತು. ಹೊಸ ಹಾಸಿನ ಸಾವಿರದ ನಾನೂರು ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಹೊಸೆದು ಜೋಡಿಸಬೇಕು. ನಡುವೆ ಅಮಾವಾಸ್ಯೆ ಬಂತು, ಆ ದಿನ ಮಗ್ಗ ಮುಟ್ಟುವುದಿಲ್ಲ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಪ್ಪು ನೂಲೂ ಮುಗಿದಿತ್ತು. ರಬಕವಿಯ ಬಣ್ಣದವರ ಹತ್ತಿರ ಎರಡೆಳೆಯದು ಸಿದ್ಧವಿತ್ತು. ನಾಲ್ಕೆಳೆಯದು ಹೊಸೆಯಿಸಿ ಬಣ್ಣ ಹಾಕಿಸಲು ಎಂಟೊಂಬತ್ತು ದಿನ ಎಂದರು.

"ಇದ್ದದ್ರಾಗ ಮುಗಸೂಣ ತಂಗಿ," ಕಾಕು ಹೇಳಿದರು. "ಸ್ವಲ್ಪ ತೆಳ್ಳಗ ಆಗತೈತಿ, ಆಗಲಿ. ಅಜ್ಜಾರಿಗೆ ಟೈಮಿಲ್ಲ ಅಂತಿ ಮತ್ತ."

ತೆಳು ನೂಲಿನ ಒಂದು ತುಂಡನ್ನು ನೇಯಿಸಿ ಕಣ್ಣು ಮುಚ್ಚಿ ಮುಟ್ಟಿದೆ. ಪಟ್ಟಿ ಸಿಗುತ್ತಿತ್ತು. ನಡುವಿನ ಖಾಲಿ ಮನೆ ಮಾತ್ರ ಅನುಮಾನವಾಗಿ ಸಿಗುತ್ತಿತ್ತು, ಇದೆಯೋ ಇಲ್ಲವೋ ಎನ್ನುವಂತೆ. ಒಂದು ಸಲ ಅವರ ಬೆರಳಿಗೆ ಸುಳ್ಳು ಹೇಳಿ ಆಗಿತ್ತು. ಇನ್ನೊಂದು ಸಲ ಅರೆಬರೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾಲ್ಕೆಳೆಯದಕ್ಕೇ ಕಾಯೋಣ ಎಂದೆ. ಇಬ್ಬರೂ ನನ್ನ ಮಾತಿಗೆ ಎದುರಾಡಲಿಲ್ಲ. ಆ ಒಂಬತ್ತು ದಿನಗಳನ್ನು ತೀರ್ಮಾನಿಸಿದವಳು ನಾನೊಬ್ಬಳೇ.

ಎರಡನೆಯ ಬಟ್ಟೆ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ನಲವತ್ತೊಂದನೆಯ ಸಾಲು ನೇಯುವಾಗ ಕಾಕಾ ಮಗ್ಗದ ಪಕ್ಕದಲ್ಲೇ ಕೂತು ಹನ್ನೆರಡು ಕಾರ್ಡು ದಾಟುವವರೆಗೂ ಕನ್ನಡಿ ಹಿಡಿದಿದ್ದರು. ಇಳಿಸಿದ ಮೇಲೆ ಮೂವರೂ ಸರದಿಯಲ್ಲಿ ಕಣ್ಣು ಮುಚ್ಚಿ ಸವರಿದೆವು. ಉಬ್ಬಿದ ಕಪ್ಪಿನ ನಡುವೆ ಬೆರಳ ತುದಿ ತಟ್ಟನೆ ಕೆಳಗಿಳಿದು, ಅರ್ಧ ಇಂಚು ತಣ್ಣಗಿನ ಬಿಳಿ ನೆಲ ಮುಟ್ಟಿ, ಮತ್ತೆ ಏರುತ್ತಿತ್ತು.

"ಖರೇನ ಬೇಕಿತ್ತ ಇದು," ಕಾಕಾ ಮೆಲ್ಲಗೆ ಹೇಳಿದರು. "ಮುಚ್ಚಿದಾಗ ಹಿಂಗ ಬಳ್ಳಿ ಎಚ್ಚರ ಆಗಿದ್ದಿಲ್ಲ."

ಈ ಸಲ ಪಾರ್ಸೆಲ್ ಹತ್ತೊಂಬತ್ತು ದಿನದಲ್ಲಿ ತಲುಪಿತು. ತಲುಪಿದೆ ಎಂಬ ಸಂದೇಶ ಬಂತು. ಆಮೇಲೆ ನಾಲ್ಕು ದಿನ ಏನೂ ಇಲ್ಲ. ಬಂದ ಪತ್ರದಲ್ಲಿ ಮೊದಲು, ತಾನು ಒಂದು ವಿಷಯ ಮುಚ್ಚಿಟ್ಟಿದ್ದೆ ಎಂದಿತ್ತು. ಈ ಎರಡನೆಯ ಬಟ್ಟೆ ಇಲ್ಲಿಂದ ಹೊರಡುವ ಹಿಂದಿನ ವಾರವೇ ತಂದೆಗೆ ಮೂರನೆಯ ಆಘಾತವಾಗಿತ್ತು. ನನಗೆ ಹೇಳಿದರೆ ಕೆಲಸ ನಿಲ್ಲಿಸಬಹುದೆಂದು ಹೇಳಿರಲಿಲ್ಲ.

ನಾನು ಕ್ಯಾಲೆಂಡರ್ ನೋಡಲಿಲ್ಲ. ನೋಡದೆಯೂ ಗೊತ್ತಿತ್ತು. ತೆಳು ನೂಲಿನ ಬಟ್ಟೆಯಾಗಿದ್ದರೂ ಅದು ಹಾದಿಯಲ್ಲಿರುವಾಗಲೇ ಆಘಾತವಾಗುತ್ತಿತ್ತು. ನನ್ನ ಒಂಬತ್ತು ದಿನದಿಂದ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಮೊದಲ ಸಹಿಯಿಂದ. ಮೊದಲ ಬಟ್ಟೆ ಅವರ ಕೈ ಸೇರಿದ ದಿನ ಅವರು ಪೂರ್ತಿ ಅವರೇ ಆಗಿದ್ದರು.

ಮಗಳು ಬರೆದಿದ್ದರು: ಈ ಸಲವೂ ಎಡ ಮೂಲೆಯಿಂದಲೇ ಶುರುಮಾಡಿದರು. ಎಣಿಸಲಿಲ್ಲ. ಆ ಜಾಗಕ್ಕೆ ಬಂದು ಬೆರಳು ನಿಂತಿತು. ಸಿಕ್ಕಿತು ಅಂದುಕೊಂಡೆ. ನನ್ನನ್ನು ಕರೆದರು, ನನ್ನ ಹೆಸರಿನಿಂದಲ್ಲ, ತಪಾಸಣೆಯ ಮೇಜಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸಿನ ಹೆಸರಿನಿಂದ. "ನೋಡು, ಇಲ್ಲೊಂದು ಚೌಕ ಬಿಟ್ಟುಹೋಗಿದೆ. ಹೀಗೇ ಮುಂದೆ ಕಳಿಸಿದರೆ ನೇಯ್ದ ಹುಡುಗಿಗೆ ತೊಂದರೆಯಾಗುತ್ತದೆ. ಬೇಗ ಮುಚ್ಚಿಸಿಬಿಡು" ಅಂದರು. ಇದು ನಿಮ್ಮದೇ ಚಿತ್ರ ಅಂದೆ. ನಕ್ಕರು. ನಾನು ಗುಲಾಬಿ ಬರೆಯುವವನು ಅಂದರು. ನಾಲ್ಕು ದಿನದಿಂದ ಬಟ್ಟೆಯನ್ನು ಬಿಡುತ್ತಿಲ್ಲ. ಊಟಕ್ಕೂ ಬಿಡುತ್ತಿಲ್ಲ. ಮುಚ್ಚಿಸಿದೆಯಾ ಎಂದು ತಾಸಿಗೊಮ್ಮೆ ಕೇಳುತ್ತಾರೆ, ಆ ಹುಡುಗಿಯ ಬಗ್ಗೆ ಹೆದರಿ ಅಳುತ್ತಾರೆ. ಅದನ್ನು ಸೂಜಿಯಲ್ಲಿ ಮುಚ್ಚಲು ಆಗುತ್ತದೆಯೇ? ನಿಮಗೆ ಗೊತ್ತಿರುತ್ತದೆ. ಹೇಳಿ.

ಎರಡು ದಿನ ಉತ್ತರಿಸಲಿಲ್ಲ. ಬೇಡ ಎಂದು ಬರೆಯುವ ಮಾತುಗಳೆಲ್ಲ ನನ್ನ ಬಳಿ ಇದ್ದವು. ಆ ಒಂದು ಖಾಲಿ ಚೌಕವನ್ನು ಅವರು ಯಾರಿಗೂ ಹೇಳದೆ ಅಷ್ಟು ವರ್ಷ ಕಾಪಾಡಿಕೊಂಡಿದ್ದರು. ಅದನ್ನು ಮುಚ್ಚಲು ದಾರಿ ತೋರಿಸುವುದೆಂದರೆ ಗಿರಣಿಯ ಪರವಾಗಿ ನಿಂತಂತೆ. ಆದರೆ ತೆರೆದೇ ಇಟ್ಟುಕೊಂಡರೆ ಯಾರಿಗಾಗಿ? ನನಗಾಗಿ, ಒಂದು ಒಳ್ಳೆಯ ಫೋಟೋಕ್ಕಾಗಿ. ಅಲ್ಲಿ ಒಬ್ಬ ಮುದುಕರು ತಾವು ಕಂಡಿರದ ಹುಡುಗಿಗಾಗಿ ಅಳುತ್ತಿದ್ದರು. ಮೊದಲ ಸಲ ನಾನು ಕೇಳಿರಲಿಲ್ಲ, ಈ ಸಲ ಅವರೇ ಬಾಯಿಬಿಟ್ಟು ಕೇಳುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಬರೆದೆ.

ಬಟ್ಟೆಯ ಕೊನೆಯ ಅಂಚಿನಲ್ಲಿ ಕಪ್ಪು ನೂಲು ಬಿಟ್ಟಿದ್ದೇವೆ. ಅದರಿಂದ ಒಂದು ಗೇಣಿನ ಎಳೆಗಳನ್ನು ಎಳೆದುಕೊಳ್ಳಿ. ಮೊಂಡು ತುದಿಯ ಸೂಜಿ ಬಳಸಿ, ಚೂಪಾದದ್ದು ಬಿಳಿ ಎಳೆಯನ್ನು ಸೀಳುತ್ತದೆ. ಖಾಲಿ ಚೌಕದ ಎಡ ಅಂಚಿನ ಹಿಂಬದಿಯಿಂದ ಮೇಲೆ ಬಂದು, ಬಲ ಅಂಚಿನಲ್ಲಿ ಕೆಳಗಿಳಿಯಿರಿ. ಬಿಗಿಯಾಗಿ ಎಳೆಯಬೇಡಿ, ಪಕ್ಕದ ನೂಲಿನಷ್ಟೇ ಉಬ್ಬು ಇರಲಿ. ಹನ್ನೆರಡು ಸಾಲು ಹಾಕಿ. ನಡುವೆ ಎರಡು ಕಡೆ ಬಿಳಿ ದಾರದಿಂದ ಸಣ್ಣ ಕಟ್ಟು ಹಾಕಿ, ಅವು ಒಂದರ ಕೆಳಗೊಂದು ಬರದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಅವರ ಬೆರಳಿಗೆ ಸಿಗುತ್ತವೆ.

ಮಾರನೆಯ ದಿನ ಉತ್ತರ ಬಂತು. ಮುಚ್ಚಿದೆ. ಬೆರಳು ಎಲ್ಲೂ ನಿಲ್ಲಲಿಲ್ಲ. ಅಪ್ಪ ಬಟ್ಟೆಯನ್ನು ಮಡಿಸಿ ನನಗೆ ಕೊಟ್ಟು, ಮುಂದಿನದು ಅಂದರು.

ಆ ವಾರ ಬನಹಟ್ಟಿಗೆ ಹೋಗಲೇಬೇಕಿತ್ತು, ಬೇರೆ ಕೆಲಸವಿತ್ತು. ಕಾಕಾ ಬಾಗಿಲಲ್ಲೇ ಕೇಳಿದರು, "ಮುಟ್ಟಿತೇನ ತಂಗಿ?"

"ಮುಟ್ಟಿತ್ರಿ."

"ಆ ಮನಿ ಸಿಕ್ತ ಅವ್ರಿಗೆ?"

"ಸಿಕ್ತರಿ ಕಾಕಾ. ಅಲ್ಲೇ ಬಳ್ಳಿ ನಿಂತ್ವಂತ."

ಕಾಕಾ ತಲೆಯಾಡಿಸಿ, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು. ಕಾಕು ಮಗ್ಗದಿಂದ ಇಳಿದು ಬಂದರು. "ಏನಂದ್ರವಾ ಅಜ್ಜಾರು? ಒಂದ ಮಾತಾರ ಅಂದಿರಬೇಕಲ್ಲ."

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ನೇದಾಕಿಗೆ ತೊಂದ್ರಿ ಆಗಬಾರದು ಅಂದ್ರಂತ್ರಿ," ಎಂದೆ.

"ಅಯ್ಯ ನನ ಶಿವನ, ನನಗೇನ ತೊಂದ್ರಿ!" ಕಾಕು ಗಲ್ಲಕ್ಕೆ ಕೈ ಹಚ್ಚಿಕೊಂಡು ನಕ್ಕರು. ಆಮೇಲೆ ಗಂಡನ ಕಡೆ ತಿರುಗಿ, "ಕೇಳಿದ್ರ್ಯಾ? ಇಷ್ಟ ವರ್ಷ ನೇದೇನಿ, ಯಾರರ ಹಿಂಗ ಕೇಳ್ಯಾರೇನ್ರಿ ನನ್ನ?" ಎಂದರು.